ತಾರ್ಲಿಗೆ ಗಂಡು ನೋಡಿದ್ದು

ಶರಾವತಿ ಕಡಲು ಸೇರುವ ಅಳಿವೆಯಲ್ಲಿ, ಕಾಸರಕೋಡಿನ ಟೊಂಕದಲ್ಲಿರುವ ಮಾಲಿನಿಯ ಮನೆಗೆ ಆ ಬುಧವಾರ ಕುಮಟೆಯಿಂದ ಹೆಣ್ಣು ನೋಡಲು ಬರುವವರಿದ್ದರು. ಮನೆ ಗುಡಿಸಿ, ಅಂಗಳಕ್ಕೆ ನೀರು ಹಾಕಿ, ನೊಗಲಿ ಮೀನಿಗೆ ಮಸಾಲೆ ಹಚ್ಚಿಟ್ಟು ಆಗಿತ್ತು. ನೋಡಿಸಿಕೊಳ್ಳಬೇಕಾದ ಹೆಣ್ಣು ಮಾತ್ರ ಇದ್ಯಾವುದರ ಗೊಡವೆಯೇ ಇಲ್ಲದೆ ಬಲೆಯ ರಾಶಿಯ ಮೇಲೆ ನಾಲ್ಕೂ ಕಾಲು ಮೇಲೆ ಮಾಡಿ ಗೊರಕೆ ಹೊಡೆಯುತ್ತಿತ್ತು.

ಹೆಸರು ತಾರ್ಲಿ. ಆರು ವರ್ಷ ತುಂಬಿದ ಕಪ್ಪು ನಾಯಿ. ತಾರ್ಲೆ ಮೀನು ದೋಣಿಗಟ್ಟಲೆ ಬಿದ್ದ ದಿನ ಹುಟ್ಟಿದ್ದಕ್ಕೆ ಆ ಹೆಸರು. ಕಿವಿಯಿಂದ ಬಾಲದ ಬುಡದವರೆಗೆ ಉಂಗುರ ಉಂಗುರವಾದ ಕೂದಲು, ಕಾಲ್ಬೆರಳುಗಳ ನಡುವೆ ಬಾತುಕೋಳಿಗೆ ಇರುವಂಥ ತೆಳ್ಳಗಿನ ಚರ್ಮ. ಈ ಜಾತಿಗೆ ಇಂಗ್ಲಿಷಿನಲ್ಲಿ ವಾಟರ್ ಡಾಗ್ ಅನ್ನುತ್ತಾರಂತೆ. ಅದನ್ನು ನೀರುನಾಯಿ ಎಂದು ಕರೆಯೋಣವೆಂದರೆ ಆ ಹೆಸರಿನ ಬೇರೆಯೇ ಪ್ರಾಣಿ ಶರಾವತಿಯಲ್ಲಿದ್ದು ಎಲ್ಲರ ಬಲೆ ಹರಿಯುತ್ತಿದೆ. ಹಾಗಾಗಿ ಊರವರು ಗುಂಗುರು ನಾಯಿ ಎಂದರು, ಮಕ್ಕಳು ಕುರಿ ಎಂದರು, ತಾರ್ಲಿ ಎರಡಕ್ಕೂ ಬಾಲ ಅಲ್ಲಾಡಿಸಿತು.

ಇಂಥ ನಾಯಿ ಟೊಂಕಕ್ಕೆ ಬಂದದ್ದು ಹದಿನೆಂಟು ವರ್ಷದ ಹಿಂದೆ. ಮಾಲಿನಿಯ ಗಂಡ ದಿನಕರ ಒಂದು ಬೆಳಿಗ್ಗೆ ಬಸವರಾಜದುರ್ಗದ ನಡುಗಡ್ಡೆಯ ಆಚೆ ಬಲೆ ಎತ್ತುತ್ತಿದ್ದಾಗ, ಗೋವಾದಿಂದ ಹೊರಟ ಬಿಳಿಯರ ಹಾಯಿದೋಣಿಯೊಂದು ಚುಕ್ಕಾಣಿ ಮುರಿದುಕೊಂಡು ತೇಲುತ್ತಿತ್ತು. ಅವನು ಅದಕ್ಕೆ ಹಗ್ಗ ಕಟ್ಟಿ ಅಳಿವೆಯ ಒಳಗೆ ಎಳೆದು ತಂದ. ಆ ಗಂಡಹೆಂಡತಿ ಹಣ ಕೊಡಲು ಬಂದರೆ ಇವನು ಒಲ್ಲೆನೆಂದ. ತಿಂಗಳ ಮೇಲೆ ಅವರು ಬುಟ್ಟಿಯಲ್ಲಿ ಎರಡು ಮರಿ ತಂದು ಜಗಲಿಯ ಮೇಲಿಟ್ಟು ಹೋದರು, ಒಂದು ಗಂಡು, ಒಂದು ಹೆಣ್ಣು. ಮೀನು ಒಣಗಿಸಿ ಮಾರುವ ಮಾಲಿನಿಗೆ ಕೈತುಂಬ ಕೆಲಸವಿತ್ತು, ಸೆರಗು ಹಿಡಿದು ಎಳೆಯುವ ಮಗಳಿದ್ದಳು. ಇನ್ನು ಇವೆರಡು ಬೇರೆ ಎಂದು ಗೊಣಗಿದಳು. ವಾರದೊಳಗೆ ಅವು ಅವಳ ಸೀರೆಯ ನೆರಿಗೆಯಲ್ಲೇ ಮಲಗತೊಡಗಿದವು.

ದೋಣಿಗೆ ಹತ್ತಿಸಿದ ಮೇಲೆ ಆ ನಾಯಿಗಳ ಕಸುಬು ಗೊತ್ತಾಯಿತು. ಬಲೆಯಿಂದ ಕಳಚಿದ ಬೆಂಡು ತೇಲಿ ಹೋದರೆ ನೀರಿಗೆ ಹಾರಿ ಕಚ್ಚಿ ತರುತ್ತಿದ್ದವು. ಹಗ್ಗದ ತುದಿಯನ್ನು ಒಂದು ದೋಣಿಯಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ಸಂಜೆ ಅಣಿಯದಲ್ಲಿ, ಅಂದರೆ ದೋಣಿಯ ಮೂತಿಯಲ್ಲಿ ಕೂತು, ಎದುರು ಬಂಡೆಯೋ ಬೇರೆ ದೋಣಿಯೋ ಕಂಡರೆ ಬೊಗಳುತ್ತಿದ್ದವು. ಬೇರೆಯವರಿಗೆ ಇದೊಂದು ತಮಾಷೆ. ದಿನಕರನಿಗೆ ಅದು ಜೀವದ ಪ್ರಶ್ನೆ, ಯಾಕೆಂದರೆ ಅವನಿಗೆ ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣುತ್ತಿರಲಿಲ್ಲ.

ಇರುಳುಗುರುಡು ಅವನಿಗೆ ಹುಟ್ಟಿನಿಂದಲೇ ಇತ್ತು. ಅವನ ತಾಯಿ ಗಂಗಿ ಎಳವೆಯಲ್ಲಿ ಅವನಿಗೆ ಶಾರ್ಕಿನ ಪಿತ್ತಜನಕಾಂಗದ ಎಣ್ಣೆ ಕುಡಿಸಿದಳು, ಮದ್ದು ಮಾಡಿಸಿದಳು, ಹರಕೆ ಹೊತ್ತಳು. ಹಗಲು ಅರ್ಧ ಮೈಲಿ ಆಚೆಯ ಹಕ್ಕಿಯನ್ನು ಗುರುತಿಸುವವನು ಸಂಜೆ ತನ್ನದೇ ಮನೆಯ ಹೊಸ್ತಿಲನ್ನು ಕಾಲಿನಲ್ಲಿ ತಡವುತ್ತಿದ್ದ. ಇದು ಮಾಲಿನಿಗೆ ತಿಳಿದದ್ದು ಮದುವೆಯಾದ ಮೂರನೆಯ ದಿನ.

ತದಡಿಯಿಂದ ಅವಳ ಅಪ್ಪ ಮತ್ತು ದೊಡ್ಡಪ್ಪ ಹುಡುಗನ ಮನೆ ನೋಡಲು ಬಂದಾಗ ಗಂಗಿ ಅವರನ್ನು ಮಧ್ಯಾಹ್ನವೇ ಕರೆಸಿದ್ದಳು. ಭರ್ಜರಿ ಊಟ ಹಾಕಿ, ಎಲೆ ಅಡಿಕೆ ಕೊಟ್ಟು, ಮಾತು ಮುಗಿಸಿ, ಮೂರೂವರೆಯ ಬಸ್ಸಿಗೆ ಹತ್ತಿಸಿಬಿಟ್ಟಳು. ಹುಡುಗ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಎಂಥ ಚುರುಕು ಕಣ್ಣು ನೋಡು ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಹೊಗಳಿದನಂತೆ. ಮದುವೆಯ ಮೂರನೆಯ ಸಂಜೆ ಕರೆಂಟು ಹೋದಾಗ, ಆ ಚುರುಕು ಕಣ್ಣಿನವನು ಕಾಲನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ ಎತ್ತಿ ಇಡುತ್ತಾ, ಗೋಡೆ ಸವರುತ್ತಾ ಬರುವುದನ್ನು ಅವಳು ನೋಡಿದಳು. ಯಾರೂ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಇಪ್ಪತ್ತಾರು ವರ್ಷ ಹಾಗೆಯೇ ಆಯಿತು. ದಿನಕರ ಒಳ್ಳೆಯ ಗಂಡನೇ ಆದ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ತಂದ ಮೀನಿನಲ್ಲಿ ಒಳ್ಳೆಯದನ್ನು ಮೊದಲು ಅವಳಿಗೇ ತೆಗೆದಿಡುತ್ತಿದ್ದ. ಆದರೂ ಆ ಮೂರೂವರೆಯ ಬಸ್ಸು ಮಾಲಿನಿಯ ಎದೆಯಲ್ಲಿ ಇನ್ನೂ ನಿಂತೇ ಇತ್ತು. ಮಗಳು ಸುಷ್ಮಾ ಚಿಕ್ಕವಳಿದ್ದಾಗ ದಿನಾ ಮುಸ್ಸಂಜೆ ಅವಳ ಕೈಗೆ ಸೂಜಿ ದಾರ ಕೊಟ್ಟು ಪೋಣಿಸಲು ಹೇಳುತ್ತಿದ್ದಳು. ಹುಡುಗಿ ಪೋಣಿಸಿದರೆ ಆ ದಿನದ ಮಟ್ಟಿಗೆ ಉಸಿರು ಬಿಡುತ್ತಿದ್ದಳು.

ಇಂಥ ಮನೆಯಲ್ಲಿ ಗುಂಗುರು ನಾಯಿಗಳು ಮಾಲಿನಿಯ ಸ್ವಂತದವಾದವು. ಮರಿ ಹಾಕುವಾಗ ಬಾಣಂತಿಯ ಹತ್ತಿರ ಕೂರುವವಳು ಅವಳೇ, ಉಸಿರಾಡದ ಮರಿಯನ್ನು ಹಳೆ ಪಂಚೆಯಲ್ಲಿ ತಿಕ್ಕಿ ಬದುಕಿಸುವವಳು ಅವಳೇ. ಮಳೆಗಾಲಕ್ಕೆ ಮುಂಚೆ ಕೂದಲು ಕತ್ತರಿಸಬೇಕು, ಇಲ್ಲದಿದ್ದರೆ ಒದ್ದೆ ಗಂಟು ಕಟ್ಟಿ ಚರ್ಮ ಹುಣ್ಣಾಗುತ್ತದೆ ಎಂಬುದನ್ನು ಅವಳು ಯಾರಿಂದಲೂ ಕಲಿತದ್ದಲ್ಲ. ಮರಿ ಮಾರುವ ಪದ್ಧತಿ ಇರಲಿಲ್ಲ. ದೋಣಿಯಿದ್ದವರು ಕೇಳಿದರೆ ಕೊಡುವುದು, ಅವರು ಆ ದಿನದ ಮೀನಿನಲ್ಲಿ ಒಂದು ಬುಟ್ಟಿ ಕಳಿಸುವುದು, ಅಷ್ಟೇ. ಆದರೆ ಹೊರಗಿನ ಗಂಡು ಎಲ್ಲೂ ಇರಲಿಲ್ಲ. ಬೀದಿನಾಯಿಗೆ ಕೂಡಿಸಿದರೆ ಗುಂಗುರು ಹೋಗುತ್ತದೆ ಎಂದು ಅಣ್ಣತಂಗಿಯರನ್ನೇ ಕೂಡಿಸುತ್ತಾ ಬಂದಳು. ಮರಿಗಳು ಕಡಿಮೆಯಾದವು. ಹುಟ್ಟಿದವು ಉಳಿಯಲಿಲ್ಲ. ಉಳಿದವನ್ನು ಹೈವೇ ಲಾರಿಗಳು ತಿಂದವು. ಹೋದ ವರ್ಷ ತಾರ್ಲಿಯ ಅಣ್ಣ ಉಣ್ಣೆಹುಳ ಕಚ್ಚಿ ಬರುವ ಜ್ವರಕ್ಕೆ ಸತ್ತ ಮೇಲೆ ಇಡೀ ಕರಾವಳಿಯಲ್ಲಿ ಆ ಸಂತತಿಯದ್ದು ತಾರ್ಲಿ ಒಬ್ಬಳೇ ಉಳಿದಳು.

ಭಟ್ಕಳದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಸುಷ್ಮಾ ಅಮ್ಮನ ಗೋಳು ಕೇಳಲಾರದೆ ತಾರ್ಲಿಯ ಫೋಟೋ ಫೋನಿನಲ್ಲಿ ಹಾಕಿದಳು. ಎರಡು ತಿಂಗಳಿಗೆ ಕುಮಟೆಯಿಂದ ಫೋನು ಬಂತು. ಪಶು ಆಸ್ಪತ್ರೆಯಲ್ಲಿ ಕಂಪೌಂಡರಾಗಿ ನಿವೃತ್ತರಾದ ಸುದರ್ಶನ ಎಂಬವರ ಹತ್ತಿರ ಇದೇ ಜಾತಿಯ ಗಂಡು ಇದೆಯಂತೆ, ಕರಿಯ ಅಂತ. ಎಲ್ಲೋ ಕೇರಳದಿಂದ ತಂದದ್ದು, ಬೇರೆಯೇ ರಕ್ತ. ಅವರೂ ಐದು ವರ್ಷದಿಂದ ಹೆಣ್ಣು ಹುಡುಕುತ್ತಿದ್ದರು. ತಾರ್ಲಿ ಬೆದೆಗೆ ಬಂದು ಐದು ದಿನವಾಗಿತ್ತು. ಇನ್ನು ಹತ್ತು ದಿನದೊಳಗೆ ಕೂಡಿಸಬೇಕು. ಈ ಸಲ ತಪ್ಪಿದರೆ ಮುಂದಿನ ಬೆದೆ ಏಳು ತಿಂಗಳ ಮೇಲೆ, ಆಗ ಅವಳಿಗೆ ಏಳಾಗುತ್ತದೆ, ಆ ವಯಸ್ಸಿನಲ್ಲಿ ಮರಿ ನಿಲ್ಲುವುದೂ ಕಷ್ಟ, ತಾಯಿ ಉಳಿಯುವುದೂ ಕಷ್ಟ. ಮೊದಲು ಹೆಣ್ಣನ್ನು ನೋಡಿ ಮಾತಾಡುತ್ತೇನೆ ಎಂದು ಸುದರ್ಶನರು ಬುಧವಾರ ಗೊತ್ತು ಮಾಡಿದರು.

ಇಷ್ಟೇ ಆಗಿದ್ದರೆ ಮಾಲಿನಿ ಹಾಡು ಹೇಳಿಕೊಂಡು ಮಸಾಲೆ ಅರೆಯುತ್ತಿದ್ದಳು. ಆದರೆ ದೀಪಾವಳಿಯ ಹೊತ್ತಿಗೆ ಒಂದು ಮುಸ್ಸಂಜೆ ತಾರ್ಲಿ ಹಿತ್ತಿಲಿನಿಂದ ಬರುವಾಗ, ಮುಂಗಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತಿ ಹೊಸ್ತಿಲನ್ನು ಹುಡುಕಿತು. ಮಾಲಿನಿಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಆ ನಡಿಗೆಯನ್ನು ಅವಳಿಗೆ ಯಾವ ಡಾಕ್ಟರೂ ವಿವರಿಸಬೇಕಾಗಿರಲಿಲ್ಲ. ಮರುವಾರ ದೋಣಿಯಿಂದ ಬಂದ ದಿನಕರ ತಲೆ ತಗ್ಗಿಸಿಕೊಂಡೇ ಹೇಳಿದ. ಹೊತ್ತು ಮುಳುಗುವಾಗ ಬೆಂಡು ತರಲು ಹಾರಿದ ತಾರ್ಲಿ ಬೆಂಡಿನ ಪಕ್ಕದಲ್ಲೇ ಹಾದು ಹೊರಗಿನ ಕಡಲಿಗೆ ಈಜಿತಂತೆ, ಅವನು ಕೂಗಿ ಕೂಗಿ ಕರೆದ ಮೇಲೆ ದನಿ ಹಿಡಿದು ಬಂತಂತೆ. ಒಂದು ದೋಣಿಯಲ್ಲಿ ಇಬ್ಬರು ಕುರುಡರಾದಂತಾಯಿತು. ಅಂದಿನಿಂದ ಅವನು ನಾಲ್ಕು ಗಂಟೆಗೇ ದಡ ಸೇರತೊಡಗಿದ.

ಸುದರ್ಶನರು ಬರುತ್ತಾರೆ ಎಂದು ಗೊತ್ತಾದ ದಿನ ಎಪ್ಪತ್ತೆಂಟರ ಗಂಗಿ ಎಲೆಗೆ ಸುಣ್ಣ ಹಚ್ಚುತ್ತಾ ಸೊಸೆಯನ್ನು ಕರೆದಳು.

"ಮಧ್ಯಾಹ್ನಕ್ಕೇ ಬರುಕೆ ಹೇಳು. ಚೆಂದ ಮಾಡಿ ಊಟ ಹಾಕು. ಮೂರೂವರೆ ಬಸ್ಸಿಗೆ ಹತ್ಸು. ಹೊತ್ತು ಇಳುಕೆ ಮುಂಚೆ ಆ ಮನ್ಶ ಗೇಟು ದಾಟಿರ್ಬೇಕು."

ಮಾಲಿನಿ ಅತ್ತೆಯ ಮುಖ ನೋಡಿದಳು. ಮುದುಕಿ ಕಣ್ಣು ತಪ್ಪಿಸಲಿಲ್ಲ. ಬಾಗಿಲ ಹತ್ತಿರ ಬಲೆ ಹೆಣೆಯುತ್ತಿದ್ದ ದಿನಕರನ ಕೈ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆ ಬಸ್ಸಿನ ಹಳೆಯ ಕಥೆ ಮೂವರಿಗೂ ಗೊತ್ತಿತ್ತು.

"ಆತು ಅತ್ತೆ," ಎಂದಳು ಮಾಲಿನಿ.

ಹಾಗೆ ಎಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೆ ಬೇರೆ ಏನು ಮಾಡುವುದು? ಕುರುಡು ಹೆಣ್ಣಿಗೆ ಯಾರು ಗಂಡು ಕೊಡುತ್ತಾರೆ? ಹದಿನೆಂಟು ವರ್ಷ ಮಡಿಲಲ್ಲಿ ಸಾಕಿದ ಸಂತತಿ ಒಂದು ಮಾತಿಗೆ ಮುಗಿದು ಹೋಗುತ್ತದೆ. ಮರಿಗಳಿಗೆ ಕಣ್ಣು ಸರಿಯಾಗಿಯೇ ಇರಬಹುದು, ಸುಷ್ಮಾಗೆ ಇಲ್ಲವೇ? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ಮೂರು ದಿನ ಕಳೆದಳು.

ಬುಧವಾರ ಬೆಳಿಗ್ಗೆ ಗಂಗಿ ತೆಂಗಿನೆಣ್ಣೆಯ ಬಟ್ಟಲು, ಬಾಚಣಿಗೆ ಹಿಡಿದು ತಾರ್ಲಿಯ ಹತ್ತಿರ ಹೋದಳು. ನೋಡುವ ದಿನ ತಲೆ ಬಾಚದೆ ಕೂರಿಸುವುದು ಯಾವ ಸೀಮೆಯ ಪದ್ಧತಿ ಎಂದು ಅವಳ ವಾದ. ಬಾಚಿದರೆ ಗುಂಗುರು ಬಿಟ್ಟುಹೋಗಿ ಹತ್ತಿಯ ಮೂಟೆಯಾಗುತ್ತದೆ ಎಂದು ಮಾಲಿನಿ ಬಟ್ಟಲು ಕಸಿದುಕೊಂಡಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಸುದರ್ಶನರು ಅರವತ್ತೈದರ ಸಣಕಲು ಮನುಷ್ಯ. ಹೆಗಲಿಗೆ ಹಳೆಯ ಚರ್ಮದ ಚೀಲ. ಮನೆಯವರಿಗೆ ಕೈ ಮುಗಿಯುವ ಮೊದಲು ತಾರ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಕೂದಲು ಬಿಡಿಸಿ ಬುಡದ ಚರ್ಮ ನೋಡಿದರು, ತುಟಿ ಎತ್ತಿ ಹಲ್ಲು ನೋಡಿದರು, ಬೆರಳು ಅಗಲಿಸಿ ನಡುವಿನ ಚರ್ಮವನ್ನು ಬಿಸಿಲಿಗೆ ಹಿಡಿದು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಮಗುವಿನದ್ದಾಯಿತು.

"ನನ್ ಕರಿಯಂಗೆ ಸರಿಯಾದ ಜೋಡಿ, ಅಕ್ಕಾ. ಇಂಥದು ಇಲ್ಲೇ ಹೊಳೆ ಆಚೆ ಇತ್ತು, ನಾನು ಬೆಳಗಾವಿ ತನಕ ಹುಡ್ಕದೆ."

ಊಟಕ್ಕೆ ಕೂತರೂ ಅವರ ಮಾತೆಲ್ಲ ನಾಯಿಯದೇ. ಎರಡು ವರ್ಷದ ಹಿಂದೆ ಒಬ್ಬ ಅವರಿಗೆ ಇದೇ ಜಾತಿಯ ಹೆಣ್ಣು ಎಂದು ತಂದುಕೊಟ್ಟ ಮರಿ ಬೆಳೆದ ಮೇಲೆ ನೆಟ್ಟಗೆ ಕೂದಲು ಬಿಟ್ಟಿತಂತೆ. ಅದನ್ನೂ ಹೊರಗೆ ಹಾಕಲಾಗದೆ ಸಾಕಿಕೊಂಡಿದ್ದಾರಂತೆ. ನೊಗಲಿಯ ಇನ್ನೊಂದು ತುಂಡು ಬಡಿಸಲು ಮಾಲಿನಿ ಬಗ್ಗಿದಾಗ ಅವರು ತಲೆ ಎತ್ತಿ ನೋಡಿದರು.

"ಕಾಗದಪತ್ರ ಎಲ್ಲ ನಂಗೆ ಬೇಡ. ನಿಮ್ಮನ್ನ ನೋಡಿರೆ ಗೊತ್ತಾಗ್ತದೆ. ಬಾಯಿಮಾತು ಸಾಕು."

ಮಾಲಿನಿಯ ಕೈಯಲ್ಲಿದ್ದ ಸೌಟು ಭಾರವಾಯಿತು. ಅವಳ ಅಪ್ಪನೂ ಇದೇ ಜಗಲಿಯಲ್ಲಿ, ಇದೇ ಜಾಗದಲ್ಲಿ ಕೂತು, ನಿಮ್ಮ ಮಾತೇ ಸಾಕು ಎಂದಿದ್ದನಂತೆ. ಅವಳು ತುಂಡನ್ನು ಎಲೆಗೆ ಹಾಕಿ ಒಳಗೆ ಹೋದಳು.

ಊಟವಾದ ಮೇಲೆ ತಾರ್ಲಿಯನ್ನು ಅಳಿವೆಗೆ ಒಯ್ದರು. ದಿನಕರ ಬೆಂಡು ಎಸೆದ. ತಾರ್ಲಿ ದಡದಿಂದ ಹಾರಿ, ತಲೆಯನ್ನು ನೀರಿನ ಮೇಲೆ ನೆಟ್ಟಗೆ ಹಿಡಿದು, ಸೆಳವನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗಿ ಕಚ್ಚಿ ತಂದಿತು. ಬಿಸಿಲು ಚುರುಗುಟ್ಟುತ್ತಿತ್ತು, ನೀರು ಮಿನುಗುತ್ತಿತ್ತು, ಎಲ್ಲವೂ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಸುದರ್ಶನರು ಇನ್ನೊಮ್ಮೆ ಎಸೆಯಿರಿ ಎಂದರು, ಮತ್ತೊಮ್ಮೆ ಎಂದರು. ಹೀಗೆ ಆಡುತ್ತಾ ಆಡುತ್ತಾ ಮೂರೂವರೆಯ ಬಸ್ಸು ಹೋಯಿತು. ನಾಲ್ಕೂವರೆಯದೂ ಹೋಯಿತು. ಗಂಗಿ ಅಂಗಳದಲ್ಲಿ ಕೂತು, ತೆಂಗಿನ ಮರದ ನೆರಳು ಉದ್ದವಾಗುವುದನ್ನು ನೋಡಿ ನೋಡಿ ಬಸವಳಿದಳು. ಕೊನೆಗೆ ತಾನೇ ಎದ್ದು ಅಳಿವೆಯವರೆಗೂ ಕೋಲೂರಿಕೊಂಡು ಬಂದು, ಬಸ್ಸಿನ ಹೊತ್ತಾಯಿತು ಎಂದು ಕೂಗಿದಳು.

ಸುದರ್ಶನರು ಚೀಲ ಹೆಗಲಿಗೇರಿಸಿದರು. "ಬರೋ ಮಂಗಳವಾರ ಕರಿಯನ್ನ ಕರ್ಕಂಡು ಬರ್ತೆ. ಮರಿ ಆದ್ರೆ ನಂಗೆ ಎರಡು ಕೊಡಿ, ಒಂದು ಗಂಡು, ಒಂದು ಹೆಣ್ಣು. ಅವನ್ನೇ ಮುಂದೆ ಕೂಡ್ಸಿ ಕುಮಟೆಲೂ ಒಂದು ಬಳಗ ಮಾಡ್ತೆ."

ಆಗ ದಿನಕರ ಬಾಯಿ ಬಿಟ್ಟ. ಇಡೀ ದಿನದಲ್ಲಿ ಅವನು ಆಡಿದ್ದು ಹತ್ತು ಮಾತು ಇರಲಿಕ್ಕಿಲ್ಲ.

"ಇನ್ನೊಂದು ತಾಸು ಇರಿ, ಸುದರ್ಶನಣ್ಣ. ಹೊತ್ತು ಮುಳುಗಿದ್ ಮೇಲೂ ಒಂದ್ಸಲ ಬೆಂಡು ಬಿಸಾಡಿ ನೋಡ್ವ."

ಗಂಗಿ ಕೋಲನ್ನು ಮರಳಿಗೆ ಕುಟ್ಟಿದಳು. "ಎಂತ ಮಾತಾಡ್ತೆ ನೀನು? ಅವ್ರಿಗೆ ಊರಿಗೆ ಹೋಗುದು ಬ್ಯಾಡ್ವಾ? ಮನೆಲಿ ನಾಯಿ ಉಪಾಸ ಕೂತಿರ್ತದೆ."

"ಅದೂ ಹೌದು," ಎಂದು ಸುದರ್ಶನರು ನಕ್ಕರು. "ಕರಿಯಂಗೆ ನಾನೇ ಹಾಕ್ಬೇಕು. ನೋಡಿದ್ದು ಸಾಕಷ್ಟಾಯ್ತು ಮಾರಾಯ್ರೇ."

ದಿನಕರ ಮತ್ತೆ ಒತ್ತಾಯಿಸಲಿಲ್ಲ. ಅವನು ಹೆಂಡತಿಯ ಕಡೆಗೂ ನೋಡಲಿಲ್ಲ, ತಾಯಿಯ ಕಡೆಗೂ ನೋಡಲಿಲ್ಲ. ಬೆಂಡನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

ಹೈವೇಯವರೆಗೆ ಬಿಟ್ಟುಬರಲು ಮಾಲಿನಿ ಹೊರಟಳು, ತಾರ್ಲಿಯೂ ಹಗ್ಗದಲ್ಲಿ ಬಂತು. ದಾರಿಯುದ್ದಕ್ಕೂ ಸುದರ್ಶನರು ಬಾಣಂತಿಗೆ ಏನು ಹಾಕಬೇಕು, ಮರಿಗೆ ಜಂತಿನ ಔಷಧ ಯಾವಾಗ ಕೊಡಬೇಕು ಎಂದು ಹೇಳುತ್ತಿದ್ದರು. ಅವಳು ಹೂಂ ಹೂಂ ಎನ್ನುತ್ತಿದ್ದಳು. ಅವಳ ತಲೆಯ ತುಂಬ ಗಂಡನ ಆ ಒಂದು ಮಾತು. ಇಪ್ಪತ್ತಾರು ವರ್ಷ ಬಾಯಿ ಬಿಡದವನು ಇವತ್ತು, ನಾಯಿಯ ವಿಷಯಕ್ಕೆ, ಪರ ಮನುಷ್ಯನ ಎದುರು ಬಿಟ್ಟಿದ್ದ. ಮರಿ ಸಿಗದಿದ್ದರೆ ನಷ್ಟ ಯಾರಿಗೆ? ಅವನಿಗೇ. ಇನ್ನೊಂದು ಗುಂಗುರು ನಾಯಿ ಅಣಿಯದಲ್ಲಿ ಕೂರದಿದ್ದರೆ ಅವನ ಮೀನುಗಾರಿಕೆ ನಾಲ್ಕು ಗಂಟೆಗೇ ಮುಗಿಯಿತು. ಅಂಥವನೇ ಹೇಳಲು ನೋಡಿದ, ಮತ್ತೆ ತಾನು?

ಬಸ್‌ಸ್ಟಾಪಿನ ಕಲ್ಲು ಬೆಂಚಿನ ಹತ್ತಿರ ನಿಂತು ಐದು ನಿಮಿಷ ಆಗಿರಬಹುದು. ಭಟ್ಕಳದ ಕಡೆಯಿಂದ ಬಸ್ಸು ತಿರುವಿನಲ್ಲಿ ಕಾಣಿಸಿತು. ಸುದರ್ಶನರು ಕೈ ಎತ್ತಿದರು.

"ಅದಕ್ಕೆ ಸಂಜೆ ಮೇಲೆ ಕಣ್ಣು ಕಾಣುದಿಲ್ಲ, ಸುದರ್ಶನಣ್ಣ," ಎಂದಳು ಮಾಲಿನಿ. "ತಾರ್ಲಿಗೆ. ದೀಪಾವಳಿಯಿಂದ. ಅದ್ಕೇ ನಿಮ್ಮನ್ನ ಮಧ್ಯಾಹ್ನ ಕರೆಸಿದ್ದು."

ಬಸ್ಸು ನಿಂತಿತು, ಕಂಡಕ್ಟರು ಬಾಗಿಲು ಬಡಿದ, ಯಾರೂ ಹತ್ತದ್ದಕ್ಕೆ ಬೈದುಕೊಂಡು ಹೋದ. ಸುದರ್ಶನರ ಮುಖ ಕೆಂಪೇರಿತ್ತು.

"ಎಂತಕ್ಕ ಇದು! ಇಡೀ ದಿನ ನನ್ನ ಮಂಗ ಮಾಡಿದ್ರಲ್ಲ? ಉಣ್ಸಿ ತಿನ್ಸಿ?"

ಮಾಲಿನಿ ತಲೆ ತಗ್ಗಿಸಿದಳು. "ತಪ್ಪಾಯ್ತು. ಇದು ಒಂದೇ ಉಳ್ದದ್ದು. ನೀವು ಬೇಡ ಅಂದ್ರೆ ಇಲ್ಲಿಗೇ ಮುಗೀತದೆ ಅಂತ ಹೆದ್ರಕೆ ಆಯ್ತು," ಎಂದಷ್ಟೇ ಹೇಳಿದಳು.

ಅವರು ಬೆಂಚಿನ ಮೇಲೆ ಕೂತರು. ಪಕ್ಕದ ಮನೆಗೆ ಫೋನು ಮಾಡಿ ಕರಿಯನಿಗೆ ಅನ್ನ ಹಾಕಲು ಹೇಳಿದರು. ಸೂರ್ಯ ಗಾಳಿಮರಗಳ ಹಿಂದೆ ಇಳಿದು, ರಸ್ತೆ ಬೂದಿ ಬಣ್ಣಕ್ಕೆ ಬಂದಾಗ ಚೀಲದಿಂದ ಹತ್ತಿಯ ಸುರುಳಿ ತೆಗೆದು ಒಂದು ಉಂಡೆ ಮಾಡಿದರು. ತಾರ್ಲಿಯ ಮೂತಿಯ ಮುಂದೆ ಅದನ್ನು ಸದ್ದಿಲ್ಲದೆ ಕೆಳಗೆ ಬಿಟ್ಟರು. ತಾರ್ಲಿಯ ಕಣ್ಣು ಅಲುಗಲಿಲ್ಲ. ಇನ್ನೊಂದು ಬಿಟ್ಟರು, ಇನ್ನೊಂದು ಬಿಟ್ಟರು. ಬಿಳಿ ಉಂಡೆಗಳು ಅದರ ಕಾಲ ಬುಡದಲ್ಲಿ ಬಿದ್ದಿದ್ದವು, ಅದು ಎತ್ತಲೋ ನೋಡುತ್ತಾ ಬಾಲ ಅಲ್ಲಾಡಿಸುತ್ತಿತ್ತು. ಸುದರ್ಶನರು ಅದರ ತಲೆಯ ಮೇಲೆ ಕೈ ಇಟ್ಟು ಹಾಗೆಯೇ ಕೂತರು.

"ಮರಿಗೆ ತಾಯಿ ಕಡೆದೊಂದು, ಅಪ್ಪನ ಕಡೆದೊಂದು ಬರ್ತದೆ ಅಕ್ಕಾ," ಎಂದರು ಕೊನೆಗೆ. ಸಿಟ್ಟು ಇಳಿದಿತ್ತು. "ಎರಡೂ ಕೆಟ್ಟದ್ದಾದ್ರೆ ಮಾತ್ರ ಕಣ್ಣು ಹೋಗುದು. ಒಂದು ಒಳ್ಳೇದಿದ್ರೆ ಕಾಣ್ತದೆ, ಆದ್ರೆ ಕೆಟ್ಟದ್ದು ಒಳಗೆ ಅಡಗಿ ಕೂತಿರ್ತದೆ. ಅಣ್ಣತಂಗಿ ಅಂತ ಒಳಗೊಳಗೇ ಕೂಡ್ಸಿದ್ರೆ ಅಡಗಿದ್ದೆಲ್ಲ ಹೊರಗೆ ಬರ್ತದೆ. ನೀವು ಹೇಳ್ದೇ ಇದ್ದಿದ್ರೆ ನಾನು ಆ ಎರಡು ಮರಿನೇ ಕೂಡ್ಸ್ತಿದ್ದೆ. ಕುಮಟೆ ತುಂಬ ಕುರುಡು ನಾಯಿ ಮಾಡ್ತಿದ್ದೆ ನಾನು."

ಮಾಲಿನಿಗೆ ಗಂಗಿಯ ನೆನಪಾಯಿತು. ಅತ್ತೆ ತನ್ನ ಸೋದರಮಾವನನ್ನೇ ಮದುವೆಯಾದವಳು. ಆ ಕಾಲದಲ್ಲಿ ಯಾರಿಗೆ ಏನು ಗೊತ್ತಿತ್ತು? ಮಗನಿಗೆ ಎಣ್ಣೆ ಕುಡಿಸಿ, ಹರಕೆ ಹೊತ್ತು, ಕೊನೆಗೆ ಒಂದು ಬಸ್ಸಿನ ವೇಳೆ ನೋಡಿಕೊಂಡಳು. ಮೊದಲ ಸಲ ಅವಳಿಗೆ ಆ ಮುದುಕಿಯ ಮೇಲೆ ಕನಿಕರ ಬಂತು.

"ಈಗ ಎಂತ ಮಾಡುದು?"

"ಕರಿಯನ ರಕ್ತ ಪರೀಕ್ಷೆಗೆ ಕಳಿಸ್ತೆ. ಅವನ ಒಳಗೆ ಈ ರೋಗ ಇಲ್ಲ ಅಂತಾದ್ರೆ ಮರಿಗೆ ಕಣ್ಣು ಕಾಣ್ತದೆ. ಇದೆ ಅಂತಾದ್ರೆ ಕೂಡ್ಸುದೇ ಬೇಡ. ಫಲಿತಾಂಶ ಬರುಕೆ ತಿಂಗಳು ಮೇಲೆ ಆಗ್ತದೆ. ಈ ಬೆದೆ ಹೋಯ್ತು, ಅಷ್ಟೇ. ಮುಂದಿನದಕ್ಕೆ ಇವಳು ತಡ್ಕಂತಾಳಾ ಇಲ್ವಾ, ನಾನು ಮಾತು ಕೊಡುದಿಲ್ಲ."

"ಆತು," ಎಂದಳು ಮಾಲಿನಿ. ಕೇಳಬಾರದಿದ್ದರೂ ಕೇಳಿದಳು. "ಫೋನು ಮಾಡ್ತ್ರಾ?"

"ಮಾಡ್ತೆ. ಸುಳ್ಳು ಹೇಳಿದವ್ರ ಮನೆಗಾದ್ರೆ ಮಾಡ್ತಿದ್ನಿಲ್ಲ," ಎಂದು ಅವರು ಮುಂದಿನ ಬಸ್ಸಿಗೆ ಕೈ ಎತ್ತಿದರು.

ಬಸ್ಸು ಹೋದ ಮೇಲೆ ಅವಳು 'ಬಾ' ಎಂದು ತಾರ್ಲಿಯ ಹಗ್ಗ ಎಳೆದಳು. ಟೊಂಕದ ದಾರಿಯಲ್ಲಿ ಆಗಲೇ ಕತ್ತಲು ಕವಿದಿತ್ತು. ಸ್ವಲ್ಪ ದೂರ ನಡೆದಿರಬೇಕು, ಎದುರಿನಿಂದ ಯಾರೋ ಬೇಲಿ ಸವರುತ್ತಾ, ಒಂದೊಂದು ಕಾಲನ್ನೂ ಮೊಣಕಾಲಿನ ಎತ್ತರಕ್ಕೆ ಎತ್ತಿ ಎತ್ತಿ ಇಡುತ್ತಾ ಬರುವುದು ಕಾಣಿಸಿತು. ಕತ್ತಲಾದ ಮೇಲೆ ದಿನಕರ ಒಬ್ಬನೇ ಗೇಟು ದಾಟಿದ್ದನ್ನು ಅವಳು ಈವರೆಗೆ ನೋಡಿರಲಿಲ್ಲ. ಲುಂಗಿಗೆ ಮುಳ್ಳು ಸಿಕ್ಕಿ ಹರಿದಿತ್ತು, ಅಂಗೈ ತರಚಿತ್ತು. ತಾರ್ಲಿ ಮೂಗಿನಿಂದಲೇ ಗುರುತು ಹಿಡಿದು ಕುಂಯ್ಗುಟ್ಟಿತು.

"ಈ ಹೊತ್ತಿಗೆ ನೀವು ಎಂತಕೆ ಬಂದದ್ದು?" ಅವಳಿಗೆ ಸಿಟ್ಟು ಬಂತು, ಅಳುವೂ ಬಂತು.

"ನೀ ಬರ್ಲಿಲ್ಲಲ." ಅವನು ದನಿ ಬಂದ ಕಡೆಗೆ ಮುಖ ತಿರುಗಿಸಿದ. "ಹೇಳ್ದ್ಯಾ?"

"ಹೇಳ್ದೆ." ನಡೆದದ್ದನ್ನೆಲ್ಲ ಎರಡು ಮಾತಿನಲ್ಲಿ ಒಪ್ಪಿಸಿದಳು. ಅವನ ತರಚಿದ ಕೈಯನ್ನು ಸೆರಗಿನಿಂದ ಒರೆಸಿ ಹಿಡಿದುಕೊಂಡಳು. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅವನು ನಿಂತ.

"ಮಾಲಿನಿ, ಅವತ್ತು ನಾನೇ ಹೇಳ್ಬೇಕಿತ್ತು. ನಿನ್ನ ಅಪ್ಪನ ಎದ್ರಿಗೇ ಕೂತಿದ್ದೆ. ಬಾಯಿ ತನಕ ಬಂದಿತ್ತು."

ಈ ಮಾತು ಅವನ ಬಾಯಿಂದ ಬಂದ ದಿನ ಹೀಗೆ ಬೈಯಬೇಕು, ಹಾಗೆ ಕೇಳಬೇಕು ಎಂದು ಮಾಲಿನಿ ಇಪ್ಪತ್ತಾರು ವರ್ಷದಿಂದ ಮನಸ್ಸಿನಲ್ಲೇ ಕೂಡಿಟ್ಟುಕೊಂಡಿದ್ದಳು. ಈಗ ನೋಡಿದರೆ ಬಾಯಿಗೆ ಬಂದದ್ದು ಒಂದೇ ಮಾತು. "ಮತ್ತೆ ಎಂತಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀ ಬರ್ತಿದ್ಯಾ?"

ಬರುತ್ತಿದ್ದೆ ಎಂದುಬಿಡಬಹುದಿತ್ತು. ಕತ್ತಲಲ್ಲಿ ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ಒಂದು ಸುಳ್ಳಿನಿಂದ ಮುದಿತನದವರೆಗೆ ಹಾಯಾಗಿರುತ್ತಿದ್ದ. ಆದರೆ ಒಂದು ಸಲ ಬಾಯಿ ಬಿಚ್ಚಿದ ಮೇಲೆ ಇನ್ನು ಅವಳಿಗೆ ಅದು ಸಾಧ್ಯವಿರಲಿಲ್ಲ.

"ಇಲ್ಲ," ಎಂದಳು. "ಬರ್ತಿರ್ಲಿಲ್ಲ."

ಅವಳ ಕೈಯೊಳಗಿನ ಅವನ ಕೈ ಬಿಗಿಯಾಯಿತು. "ಗೊತ್ತಿತ್ತು," ಎಂದ ದಿನಕರ. "ಅದ್ಕೇ ಹೇಳ್ಲಿಲ್ಲ. ಬಸ್ಸಿಂದ ಇಳ್ದು ಬಂದವ್ರೇ ನಿನ್ನ ಅಪ್ಪ ನಂಗೆ ನಿನ್ನ ಫೋಟೋ ತೋರ್ಸಿದ್ರು."

ಮಾಲಿನಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು, ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಖಾಲಿಯಿರಲಿಲ್ಲ, ಒಂದರಲ್ಲಿ ಗಂಡ, ಇನ್ನೊಂದರಲ್ಲಿ ನಾಯಿ. ಇಷ್ಟು ವರ್ಷ ಅವಳು ಮೋಸ ಹೋದೆ ಎಂದುಕೊಂಡಿದ್ದಳು. ಮೋಸ ಹೋದದ್ದು ನಿಜವೇ. ಆದರೆ ತಾನು ಬೇಕೆಂದು ಒಬ್ಬ ಅಷ್ಟು ಹೆದರಿದ್ದ ಎಂಬುದು ಅವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

"ಎದ್ರಿಗೆ ಹೊಂಡ ಇದೆ," ಎಂದಳು. "ಇಬ್ರೂ ಈಚೆ ಬನ್ನಿ."